ಚಳಿಯ ಬೆಳಗಿನಲ್ಲಿ ಸ್ಟಾರ್ಟ್ ಆಗದ ಡೀಸೆಲ್ ಎಂಜಿನ್: ದೋಷ ಹುಡುಕುವ ಸಮಗ್ರ ಮಾರ್ಗದರ್ಶಿ

ಡಿಸೆಂಬರ್ ತಿಂಗಳು ಕಾಫಿ ಕೊಯ್ಲಿನ ಕಾಲ. ಬೆಳಗಿನ ಆರೂವರೆಗೆ ಕೆಲಸದವರನ್ನು ಕರೆತರಲು ಪಿಕಪ್ ಹೊರಡಬೇಕು. ಚಾಲಕ ಕೀಲಿ ತಿರುಗಿಸುತ್ತಾನೆ, ಸೆಲ್ಫ್ ಮೋಟರ್ ನರಳಿದಂತೆ ತಿರುಗುತ್ತದೆ, ಎಂಜಿನ್ ಹತ್ತಿಕೊಳ್ಳುವುದಿಲ್ಲ. ಮಲೆನಾಡಿನ ತೋಟಗಳಲ್ಲಿ, ಕೊಡಗಿನಲ್ಲಿ, ಬೀದರ್ ವಿಜಯಪುರಗಳ ಹೊಲಮನೆಗಳಲ್ಲಿ ಇದು ಪ್ರತಿ ವರ್ಷದ ನೋಟ. ನಾಲ್ಕು ಜನ ಸೇರಿ ತಳ್ಳಿ ಸ್ಟಾರ್ಟ್ ಮಾಡಿದ ಮೇಲೆ ಬಿಸಿಲೇರುತ್ತದೆ, ವಾಹನ ದಿನವಿಡೀ ಒಂದೇ ಕೀಲಿಗೆ ಹತ್ತುತ್ತದೆ, ಬೆಳಗಿನ ತೊಂದರೆ ಎಲ್ಲರಿಗೂ ಮರೆತುಹೋಗುತ್ತದೆ. ಮರುದಿನ ಮತ್ತೆ ಅದೇ ಕಥೆ.

ಈ ಬರಹದಲ್ಲಿ ನಾನು ಹೇಳಹೊರಟಿರುವುದು ದೋಷವನ್ನು ಹುಡುಕುವ ಕ್ರಮವನ್ನು. ನಮ್ಮ ಕಡೆ ಚಳಿ ಎಂದರೆ 10ರಿಂದ 14 ಡಿಗ್ರಿ ಸೆಲ್ಸಿಯಸ್. ಅಪರೂಪಕ್ಕೆ ಅದಕ್ಕಿಂತ ಕೆಳಗೆ. ಆರೋಗ್ಯವಾಗಿರುವ ಯಾವ ಡೀಸೆಲ್ ಎಂಜಿನ್ ಕೂಡ ಇಷ್ಟು ಚಳಿಗೆ ಹಠ ಹಿಡಿಯಬಾರದು. ಹಿಡಿಯಿತು ಎಂದರೆ ಬೇಸಿಗೆಯಲ್ಲಿ ಮುಚ್ಚಿಹೋಗಿದ್ದ ಯಾವುದೋ ದೌರ್ಬಲ್ಯ ಈಗ ಹೊರಬಿದ್ದಿದೆ ಎಂದೇ ತಿಳಿಯಬೇಕು. ಲಡಾಖ್ ಅಥವಾ ಲಾಹೌಲ್ ಕಣಿವೆಯ ಚಳಿಯ ಮಾತು ಬೇರೆ. ಅಲ್ಲಿ ಚಳಿಯೇ ಎಂಜಿನ್ನನ್ನು ನಿಲ್ಲಿಸಬಲ್ಲದು. ಅದನ್ನು ಕೊನೆಯಲ್ಲಿ ಪ್ರತ್ಯೇಕವಾಗಿ ನೋಡೋಣ.

ಚಳಿ ಏನು ಮಾಡುತ್ತದೆ

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಒತ್ತಿ ಕಾಯಿಸುತ್ತದೆ, ಆ ಬಿಸಿ ಗಾಳಿಗೆ ನಾಜಲ್ (ಇಂಜೆಕ್ಟರ್) ಡೀಸೆಲನ್ನು ಸಿಂಪಡಿಸುತ್ತದೆ, ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಹೀಗಾಗಿ ಸ್ಟಾರ್ಟ್ ಆಗಲು ಮೂರು ಸಂಗತಿಗಳು ಕೂಡಿಬರಬೇಕು: ಎಂಜಿನ್ ಸಾಕಷ್ಟು ವೇಗದಲ್ಲಿ ತಿರುಗಬೇಕು, ಸರಿಯಾದ ಹೊತ್ತಿಗೆ ಡೀಸೆಲ್ ಸಿಂಪಡಣೆಯಾಗಬೇಕು, ಒತ್ತಿದ ಗಾಳಿ ಸಾಕಷ್ಟು ಕಾಯಬೇಕು.

ಚಳಿ ಈ ಮೂರನ್ನೂ ಒಟ್ಟಿಗೆ ಕೆಡಿಸುತ್ತದೆ. ಒತ್ತಡದ ಅನುಪಾತ (ಪಿಸ್ಟನ್ ಗಾಳಿಯನ್ನು ಎಷ್ಟು ಪಟ್ಟು ಕಿರಿದು ಜಾಗಕ್ಕೆ ಒತ್ತುತ್ತದೆ ಎಂಬ ಲೆಕ್ಕ) 17ರಷ್ಟಿರುವ ಎಂಜಿನ್ನಿನಲ್ಲಿ ಒಳಬರುವ ಗಾಳಿ 20 ಡಿಗ್ರಿ ತಣ್ಣಗಿದ್ದರೆ, ಲೆಕ್ಕದ ಪ್ರಕಾರ, ಒತ್ತಿದ ಮೇಲೆ ಅದು ಸುಮಾರು 50 ಡಿಗ್ರಿ ಕಡಿಮೆ ಕಾದಿರುತ್ತದೆ. ತಣ್ಣಗಿನ ಸಿಲಿಂಡರ್ ಗೋಡೆ ಆ ಬಿಸಿಯಲ್ಲೂ ಪಾಲು ಕಿತ್ತುಕೊಳ್ಳುತ್ತದೆ. ಎಂಜಿನ್ ನಿಧಾನವಾಗಿ ತಿರುಗಿದಷ್ಟೂ ಬಿಸಿ ಸೋರಿಹೋಗಲು, ರಿಂಗುಗಳ ಸಂದಿನಲ್ಲಿ ಗಾಳಿ ಜಾರಿಹೋಗಲು ಹೆಚ್ಚು ಸಮಯ ಸಿಗುತ್ತದೆ. ಇತ್ತ ಎಂಜಿನ್ ಆಯಿಲ್ ಗಟ್ಟಿಯಾಗಿ ಸೆಲ್ಫ್ ಮೋಟರಿಗೆ ಹೊರೆ ಹೆಚ್ಚುತ್ತದೆ, ಅದೇ ಹೊತ್ತಿಗೆ ಬ್ಯಾಟರಿಯ ಕಸುವು ತಗ್ಗುತ್ತದೆ. ಸಣ್ಣ ಸಣ್ಣ ಕೊರತೆಗಳು ಸೇರಿ ಎಂಜಿನ್ ಹತ್ತದ ಮಟ್ಟಕ್ಕೆ ಬರುತ್ತವೆ. ಒಂದೇ ಒಂದು ಭಾಗ ಬದಲಿಸಿದಾಗ ವಾಹನ ಸರಿಹೋದಂತೆ ಕಂಡು, ಮೂಲ ದೋಷ ಒಳಗೇ ಉಳಿದುಬಿಡುವುದು ಈ ಕಾರಣಕ್ಕೆ.

ಮೊದಲ ಹೆಜ್ಜೆ: ಕಿವಿ ಮತ್ತು ಹೊಗೆ

ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ಇಬ್ಬರು ಬೇಕು. ಒಬ್ಬರು ಚಾಲಕನ ಸೀಟಿನಲ್ಲಿ ಕೂರಲಿ, ಇನ್ನೊಬ್ಬರು ಸೈಲೆನ್ಸರ್ ಕೊಳವೆಯ ಪಕ್ಕಕ್ಕೆ ನಿಲ್ಲಲಿ. ಗೇರು ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ, ವಾಹನ ಮುಚ್ಚಿದ ಶೆಡ್ಡಿನೊಳಗಿದ್ದರೆ ಬಾಗಿಲು ಪೂರ್ತಿ ತೆರೆದಿರಲಿ. ಪರೀಕ್ಷೆ ನಡೆಯಬೇಕಾದದ್ದು ರಾತ್ರಿಯಿಡೀ ನಿಂತ ತಣ್ಣನೆಯ ಎಂಜಿನ್ನಿನ ಮೇಲೆಯೇ. ಹತ್ತು ಗಂಟೆಗೆ ಮೆಕ್ಯಾನಿಕ್ ಬಂದು ಕೀಲಿ ತಿರುಗಿಸಿ, ಚೆನ್ನಾಗಿಯೇ ಇದೆಯಲ್ಲ ಎಂದು ಹೇಳಿ ಹೋದರೆ ಅದರಿಂದ ಏನೂ ತಿಳಿಯುವುದಿಲ್ಲ.

ಕೀಲಿಯನ್ನು ಆನ್ ಸ್ಥಾನಕ್ಕೆ ತಂದು, ಸುರುಳಿಯಾಕಾರದ ಹೀಟರ್ ದೀಪವಿದ್ದರೆ ಅದು ಆರುವವರೆಗೆ ಕಾದು, ನಂತರ ಹತ್ತು ಸೆಕೆಂಡು ಮಾತ್ರ ಸೆಲ್ಫ್ ಹೊಡೆಯಬೇಕು. ಹತ್ತದಿದ್ದರೆ ಒಂದೆರಡು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಬಹುದು. ಅರ್ಧ ನಿಮಿಷ ಬಿಡದೆ ಹೊಡೆದರೆ ಮೋಟರಿನ ವೈಂಡಿಂಗ್ ಸುಡುತ್ತದೆ, ಬ್ಯಾಟರಿಯೂ ಬರಿದಾಗುತ್ತದೆ. ಆಮೇಲೆ ಮೊದಲಿದ್ದ ದೋಷ ಯಾವುದು, ನಾವೇ ತಂದುಕೊಂಡದ್ದು ಯಾವುದು ಎಂದು ಬೇರ್ಪಡಿಸಲು ಆಗುವುದಿಲ್ಲ.

ಆ ಹತ್ತು ಸೆಕೆಂಡಿನಲ್ಲಿ ಎರಡು ಪ್ರಶ್ನೆಗಳಿಗೆ ಉತ್ತರ ಸಿಗಬೇಕು. ಎಂಜಿನ್ ಎಂದಿನ ವೇಗದಲ್ಲಿ ತಿರುಗಿತೇ, ಇಲ್ಲ ಎಳೆದೆಳೆದು ತಿರುಗಿತೇ? ಸೈಲೆನ್ಸರಿನಿಂದ ಹೊಗೆ ಬಂದಿತೇ, ಬಂದಿದ್ದರೆ ಯಾವ ಬಣ್ಣದ್ದು?

ಎಳೆದೆಳೆದು ತಿರುಗಿದರೆ ಅಥವಾ ಟಕ್ ಎಂಬ ಸದ್ದು ಮಾತ್ರ ಬಂದರೆ ಬ್ಯಾಟರಿ, ಕೇಬಲ್, ಸೆಲ್ಫ್ ಮೋಟರ್, ಆಯಿಲ್‌ಗಳ ಕಡೆಗೆ ಹೋಗಬೇಕು. ಚೆನ್ನಾಗಿ ತಿರುಗಿಯೂ ಹೊಗೆಯೇ ಬಾರದಿದ್ದರೆ ಸಿಲಿಂಡರಿಗೆ ಡೀಸೆಲ್ ತಲುಪುತ್ತಿಲ್ಲ. ಕಣ್ಣು ಉರಿಸುವ, ಹಸಿ ಡೀಸೆಲಿನ ವಾಸನೆಯ ಬಿಳಿ ಹೊಗೆ ಬಂದರೆ ಡೀಸೆಲ್ ತಲುಪುತ್ತಿದೆ, ಆದರೆ ಹೊತ್ತುತ್ತಿಲ್ಲ. ಹೀಟರ್ ಪ್ಲಗ್ (ಸ್ಟಾರ್ಟ್ ಮಾಡುವ ಮೊದಲು ಸಿಲಿಂಡರಿನ ಒಳಗನ್ನು ಕಾಯಿಸುವ ವಿದ್ಯುತ್ ಕಡ್ಡಿ), ಕಂಪ್ರೆಷನ್ (ಪಿಸ್ಟನ್ ಗಾಳಿಯನ್ನು ಒತ್ತುವ ಬಲ) ಅಥವಾ ಪಂಪಿನ ಟೈಮಿಂಗ್ (ಡೀಸೆಲ್ ಸಿಂಪಡಿಸುವ ಹೊತ್ತು) ಕಡೆಗೆ ನೋಡಬೇಕು. ಕಪ್ಪು ಹೊಗೆ ಸ್ಟಾರ್ಟ್ ಮಾಡುವಾಗ ಬರುವುದು ಕಡಿಮೆ. ಬಂದರೆ ಏರ್ ಫಿಲ್ಟರನ್ನು ತೆರೆದು ನೋಡಬೇಕು, ಧೂಳು ಕಟ್ಟಿರುವುದಷ್ಟೇ ಅಲ್ಲ, ಇಲಿ ಗೂಡು ಕಟ್ಟಿದ್ದನ್ನೂ ನಾನು ಕಂಡಿದ್ದೇನೆ.

ಸೈಲೆನ್ಸರಿನಿಂದ ಬರುವ ತೆಳು ನೀರಾವಿಯನ್ನು ಬಿಳಿ ಹೊಗೆ ಎಂದು ಎಣಿಸಬಾರದು. ನೀರಾವಿ ಕೊಳವೆಯಿಂದ ಒಂದೆರಡು ಅಡಿ ದೂರದಲ್ಲೇ ಕರಗಿಹೋಗುತ್ತದೆ. ಡೀಸೆಲಿನ ಬಿಳಿ ಹೊಗೆ ನೆಲಮಟ್ಟದಲ್ಲಿ ತೇಲುತ್ತ ನಿಲ್ಲುತ್ತದೆ, ವಾಸನೆ ಬಟ್ಟೆಗೂ ಹಿಡಿಯುತ್ತದೆ.

ಎಂಜಿನ್ ನಿಧಾನವಾಗಿ ತಿರುಗಿದರೆ

ನಿಧಾನ ತಿರುಗಿದ ತಕ್ಷಣ ಬ್ಯಾಟರಿಯ ಮೇಲೆ ತಪ್ಪು ಹೊರಿಸುವುದು ವಾಡಿಕೆ. ಹಲವು ಸಲ ಅದು ನಿಜವೂ ಹೌದು; ಶೂನ್ಯ ಡಿಗ್ರಿಯ ಹೊತ್ತಿಗೆ ಬ್ಯಾಟರಿಯ ಸಾಮರ್ಥ್ಯ ಸುಮಾರು ಮೂರನೇ ಎರಡರಷ್ಟಕ್ಕೆ ಇಳಿದಿರುತ್ತದೆ. ಆದರೂ ಹೊಸ ಬ್ಯಾಟರಿಗೆ ಹಣ ಕೊಡುವ ಮೊದಲು ಒಂದು ಸಾಮಾನ್ಯ ಮಲ್ಟಿಮೀಟರ್ ಹಿಡಿದು ಮೂರು ಅಳತೆಗಳನ್ನು ತೆಗೆದುಕೊಳ್ಳುವುದು ಲೇಸು.

ಮೊದಲನೆಯದು, ರಾತ್ರಿಯಿಡೀ ನಿಂತ ಬ್ಯಾಟರಿಯ ವೋಲ್ಟೇಜ್. 12.6 ಇದ್ದರೆ ಪೂರ್ತಿ ಚಾರ್ಜ್ ಇದೆ, 12.4 ಇದ್ದರೆ ಮುಕ್ಕಾಲು, 12.0 ಅಥವಾ ಅದಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿಸಿ ಆಮೇಲೆ ಮುಂದಿನ ಮಾತು. ಎರಡನೆಯದು, ಸೆಲ್ಫ್ ಹೊಡೆಯುತ್ತಿರುವಾಗ ಅದೇ ಟರ್ಮಿನಲ್‌ಗಳ ನಡುವಿನ ವೋಲ್ಟೇಜ್. ಅದು 9.6ಕ್ಕಿಂತ ಮೇಲೆಯೇ ನಿಲ್ಲಬೇಕು. ಪೂರ್ತಿ ಚಾರ್ಜ್ ಆಗಿದ್ದ ಬ್ಯಾಟರಿ 8 ಅಥವಾ 7ಕ್ಕೆ ಕುಸಿದರೆ ಬ್ಯಾಟರಿ ಮುಗಿದಿದೆ, ಇಲ್ಲವೇ ಸೆಲ್ಫ್ ಮೋಟರ್ ಒಳಗೆ ಶಾರ್ಟ್ ಆಗಿ ಅತಿಯಾದ ಕರೆಂಟ್ ಎಳೆಯುತ್ತಿದೆ. ನೀರು ಹಾಕುವ ಬಗೆಯ ಬ್ಯಾಟರಿಯಾದರೆ ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಟ್ಟು ಆರೂ ಸೆಲ್‌ಗಳನ್ನು ನೋಡಬಹುದು, ಐದು 1.250ರ ಆಸುಪಾಸಿನಲ್ಲಿದ್ದು ಒಂದು 1.180 ತೋರಿಸಿದರೆ ಆ ಸೆಲ್ ಸತ್ತಿದೆ, ಎಷ್ಟು ಚಾರ್ಜ್ ಮಾಡಿದರೂ ಅದು ಏಳುವುದಿಲ್ಲ.

ಮೂರನೆಯ ಅಳತೆಯನ್ನು ಬಹುಪಾಲು ಜನ ಮಾಡುವುದೇ ಇಲ್ಲ, ನನ್ನ ಅನುಭವದಲ್ಲಿ ಅದೇ ಅತಿ ಮುಖ್ಯ. ಒಮ್ಮೆ ನಮ್ಮ ಪಿಕಪ್‌ಗೆ ಪಟ್ಟಣದ ಅಂಗಡಿಯೊಂದರಲ್ಲಿ ಹೊಸ ಬ್ಯಾಟರಿ ಹಾಕಿಸಿದೆವು. ಎಂಟು ದಿನ ಚೆನ್ನಾಗಿತ್ತು, ಒಂಬತ್ತನೆಯ ದಿನದ ಚಳಿಗೆ ಮತ್ತೆ ಅದೇ ನರಳಾಟ. ಆಗ ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು, ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬದ ಸೀಸದ ಮೇಲೆಯೇ, ಅಂದರೆ ಕ್ಲಾಂಪಿನ ಮೇಲಲ್ಲದೆ ಕಂಬದ ನೆತ್ತಿಯ ಮೇಲೆ ಒತ್ತಿಹಿಡಿದು, ಇನ್ನೊಂದನ್ನು ಎಂಜಿನ್ನಿನ ಬರಿ ಲೋಹಕ್ಕೆ ತಾಗಿಸಿ, ಹುಡುಗನಿಗೆ ಸೆಲ್ಫ್ ಹೊಡೆಯಲು ಹೇಳಿದೆ. 0.2 ಅಥವಾ 0.3 ವೋಲ್ಟ್ ತೋರಿಸಬೇಕಾದ ಕಡೆ ಮೀಟರ್ 1.4 ತೋರಿಸಿತು. ಚಾಸಿಯಿಂದ ಗೇರ್ ಬಾಕ್ಸಿಗೆ ಬರುವ ಅರ್ಥ್ ಪಟ್ಟಿಯ ಬೋಲ್ಟ್ ಬಿಚ್ಚಿದಾಗ ಅದರ ಕೆಳಗೆ ಹಸಿರು ಮಿಶ್ರಿತ ಬಿಳಿ ಪುಡಿ ಉಗುರಿನಷ್ಟು ದಪ್ಪ ಕೂತಿತ್ತು. ಉಪ್ಪುಕಾಗದದಲ್ಲಿ ಎರಡೂ ಮೈಗಳನ್ನು ಹೊಳಪು ಬರುವವರೆಗೆ ಉಜ್ಜಿ, ಬೋಲ್ಟ್ ಬಿಗಿದು, ಮೇಲೆ ಸ್ವಲ್ಪ ಗ್ರೀಸ್ ಸವರಿದೆ. ಮತ್ತೆ ಅಳೆದಾಗ 0.1. ಹಳೆಯ ಬ್ಯಾಟರಿಯಲ್ಲಿ ಬಹುಶಃ ಏನೂ ತಪ್ಪಿರಲಿಲ್ಲ, ಆದರೆ ಅದನ್ನು ಆಗಲೇ ಬದಲಿಗೆ ಕೊಟ್ಟುಬಿಟ್ಟಿದ್ದೆವು.

ಪಾಸಿಟಿವ್ ಕೇಬಲನ್ನೂ ಇದೇ ಕ್ರಮದಲ್ಲಿ, ಬ್ಯಾಟರಿಯ ಪಾಸಿಟಿವ್ ಕಂಬದಿಂದ ಸೆಲ್ಫ್ ಮೋಟರಿನ ದಪ್ಪ ಬೋಲ್ಟಿನವರೆಗೆ ಅಳೆಯಬೇಕು, 0.5 ವೋಲ್ಟ್ ದಾಟಿದರೆ ಕೇಬಲಿನ ತುದಿಗಳನ್ನು ಬಿಚ್ಚಿ ನೋಡಬೇಕು. ಈ ಪರೀಕ್ಷೆಯ ಹೊತ್ತಿಗೆ ಎಂಜಿನ್ ಹತ್ತಿಕೊಳ್ಳದಿದ್ದರೆ ಒಳ್ಳೆಯದು. ಎಳೆದು ನಿಲ್ಲಿಸುವ ಗುಂಡಿ ಇರುವ ಹಳೆಯ ಎಂಜಿನ್ನಿನಲ್ಲಿ ಆ ಗುಂಡಿಯನ್ನು ಎಳೆದೇ ಹಿಡಿದರೆ ಸಾಕು.

ವೋಲ್ಟೇಜ್ ಎಲ್ಲ ಸರಿಯಿದ್ದೂ ಎಂಜಿನ್ ನಿಧಾನವಾಗಿ ತಿರುಗಿದರೆ ಉಳಿಯುವುದು ಎರಡೇ: ಸೆಲ್ಫ್ ಮೋಟರಿನ ಸವೆದ ಬುಶ್ ಮತ್ತು ಬ್ರಶ್, ಇಲ್ಲವೇ ತಪ್ಪು ದರ್ಜೆಯ ಆಯಿಲ್. ಆಯಿಲ್ ಡಬ್ಬಿಯ ಮೇಲೆ ಡಬ್ಲ್ಯೂ ಅಕ್ಷರಕ್ಕಿಂತ ಮೊದಲು ಬರುವ ಅಂಕಿ ಚಳಿಯ ಗುಣವನ್ನು ಹೇಳುತ್ತದೆ. ಅಂಕಿ ಕಡಿಮೆಯಾದಷ್ಟೂ ಚಳಿಯಲ್ಲಿ ಆಯಿಲ್ ತೆಳುವಾಗಿರುತ್ತದೆ. ನಮ್ಮ ಕಡೆಯ ಚಳಿಗೆ 15ಡಬ್ಲ್ಯೂ-40 ಧಾರಾಳ ಸಾಕು. ಬದಲಿಸದೆ ವರ್ಷಗಟ್ಟಲೆ ಓಡಿಸಿ, ಮಸಿ ತುಂಬಿ ಮಂದವಾದ ಆಯಿಲ್ ಮಾತ್ರ ಡಬ್ಬಿಯ ಮೇಲೆ ಏನೇ ಬರೆದಿದ್ದರೂ ಎಂಜಿನ್ನನ್ನು ಹಿಡಿದೆಳೆಯುತ್ತದೆ.

ಇನ್ನೊಂದು ವಾಹನದಿಂದ ಜಂಪರ್ ಕೇಬಲ್ ಹಾಕಿ ಸ್ಟಾರ್ಟ್ ಮಾಡುವುದಾದರೆ ಪಾಸಿಟಿವ್‌ನಿಂದ ಪಾಸಿಟಿವ್‌ಗೆ ಮೊದಲು ಜೋಡಿಸಿ, ನಂತರ ನೆಗೆಟಿವ್ ಕೇಬಲನ್ನು ಕೊಡುವ ವಾಹನದ ಬ್ಯಾಟರಿಗೆ ಸೇರಿಸಿ, ಅದರ ಕೊನೆಯ ತುದಿಯನ್ನು ನಿಂತ ವಾಹನದ ಬ್ಯಾಟರಿಯಿಂದ ದೂರವಿರುವ ಎಂಜಿನ್ನಿನ ಲೋಹಕ್ಕೆ ಕಚ್ಚಿಸಬೇಕು. ಕೊನೆಯ ಜೋಡಣೆಯಲ್ಲಿ ಕಿಡಿ ಹಾರುವುದರಿಂದ, ಬ್ಯಾಟರಿಯ ಮೇಲೆ ಸೇರಿರಬಹುದಾದ ಹೈಡ್ರೋಜನ್‌ಗೆ ಅದು ತಾಗದಿರಲಿ ಎಂಬುದು ಈ ಕ್ರಮದ ಉದ್ದೇಶ.

ಚೆನ್ನಾಗಿ ತಿರುಗಿಯೂ ಹೊಗೆ ಬಾರದಿದ್ದರೆ

ಟ್ಯಾಂಕಿನಲ್ಲಿ ಡೀಸೆಲ್ ಇದೆ ಎಂಬುದನ್ನು ಕಡ್ಡಿ ಇಳಿಸಿಯಾದರೂ ಖಾತ್ರಿ ಮಾಡಿಕೊಳ್ಳಿ. ಗೇಜ್ ಸುಳ್ಳು ಹೇಳುವುದುಂಟು. ಹಳೆಯ ಬಗೆಯ ಪಂಪಿನಲ್ಲಿ ಡೀಸೆಲ್ ತಡೆಯುವ ಸೊಲೆನಾಯ್ಡ್, ಅಂದರೆ ವಿದ್ಯುತ್ತಿನಿಂದ ತೆರೆದುಕೊಳ್ಳುವ ಕವಾಟ, ಇರುತ್ತದೆ. ಕೀಲಿ ಆನ್ ಮಾಡಿದಾಗ ಅದರಿಂದ ಟಕ್ ಎಂಬ ಸಣ್ಣ ಸದ್ದು ಕೇಳಬೇಕು. ಕೇಳದಿದ್ದರೆ ಅದಕ್ಕೆ 12 ವೋಲ್ಟ್ ಬರುತ್ತಿದೆಯೇ ನೋಡಬೇಕು. ಟ್ರ್ಯಾಕ್ಟರಿನಲ್ಲಿ ನಿನ್ನೆ ಸಂಜೆ ಎಳೆದ ನಿಲ್ಲಿಸುವ ಗುಂಡಿ ಒಳಕ್ಕೆ ಮರಳಿದೆಯೇ ಎಂದು ನೋಡುವುದೂ ಇದೇ ಪಟ್ಟಿಯಲ್ಲಿದೆ. ನಗುವ ಮಾತಲ್ಲ, ಕೇಬಲ್ ತುಕ್ಕು ಹಿಡಿದು ಅರ್ಧಕ್ಕೆ ನಿಂತಿರುವುದು ಸಾಮಾನ್ಯ.

ಇದೆಲ್ಲ ಸರಿಯಿದ್ದರೆ ಮುಂದಿನ ಅನುಮಾನ, ಏರ್ ಹಿಡಿದಿರುವುದು. ರಾತ್ರಿ ಎಂಜಿನ್ ತಣ್ಣಗಾದಾಗ ವಯಸ್ಸಾದ ರಬ್ಬರ್ ಪೈಪು, ಒ-ರಿಂಗ್, ವಾಷರ್‌ಗಳು ಗಡುಸಾಗಿ ಕುಗ್ಗುತ್ತವೆ. ಆ ಸಂದಿನಲ್ಲಿ ಗಾಳಿ ನುಸುಳುತ್ತದೆ, ಪೈಪಿನಲ್ಲಿದ್ದ ಡೀಸೆಲ್ ಮೆಲ್ಲಗೆ ಟ್ಯಾಂಕಿಗೆ ಇಳಿದುಹೋಗುತ್ತದೆ. ಡೀಸೆಲ್ ಹೊರಗೆ ಸೋರುವುದಿಲ್ಲವಾದ್ದರಿಂದ ನೆಲದ ಮೇಲೆ ಕುರುಹೂ ಇರುವುದಿಲ್ಲ. ವಾಹನ ಒಮ್ಮೆ ಹತ್ತಿ, ಎರಡು ಸೆಕೆಂಡು ಓಡಿ, ನಿಂತುಬಿಟ್ಟು, ಆಮೇಲೆ ಬಹಳ ಹೊತ್ತು ಹೊಡೆಸಿಕೊಳ್ಳುತ್ತದೆ ಎಂದಾದರೆ ಅದು ಏರ್ ಲೀಕ್ ಇರುವುದರ ಸ್ಪಷ್ಟ ಗುರುತು.

ಪರೀಕ್ಷೆ ಸುಲಭ. ಬೆಳಿಗ್ಗೆ ಕೀಲಿ ಮುಟ್ಟುವ ಮೊದಲೇ ಫಿಲ್ಟರಿನ ಮೇಲಿರುವ ಅಥವಾ ಫೀಡ್ ಪಂಪಿನ ಪಕ್ಕದಲ್ಲಿರುವ ಕೈಪಂಪನ್ನು ಒತ್ತಿ ನೋಡಿ. ಮೊದಲ ಒತ್ತಿಗೇ ಗಡುಸಾಗಿದ್ದರೆ ಪೈಪಿನಲ್ಲಿ ಡೀಸೆಲ್ ತುಂಬಿದೆ. ಹತ್ತಿಪ್ಪತ್ತು ಸಲ ಪೊಳ್ಳಾಗಿ ಒಳಹೋಗಿ ಆಮೇಲೆ ಗಡುಸಾಗಿ, ನಂತರ ಎಂಜಿನ್ ಒಂದೇ ಕೀಲಿಗೆ ಹತ್ತಿದರೆ, ರಾತ್ರಿ ಡೀಸೆಲ್ ಹಿಂದಕ್ಕೆ ಇಳಿದಿದೆ ಎಂಬುದು ಖಚಿತ. ಕೈಪಂಪ್ ಇಲ್ಲದೆ ಟ್ಯಾಂಕಿನೊಳಗೆ ವಿದ್ಯುತ್ ಪಂಪ್ ಇರುವ ವಾಹನದಲ್ಲಿ ಕೀಲಿಯನ್ನು ಮೂರು ನಾಲ್ಕು ಸಲ ಆನ್ ಆಫ್ ಮಾಡಿ, ಪ್ರತಿ ಸಲ ಕೆಲವು ಸೆಕೆಂಡು ಕಾದು, ಆಮೇಲೆ ಸೆಲ್ಫ್ ಹೊಡೆದು ವ್ಯತ್ಯಾಸ ನೋಡಬಹುದು.

ಟ್ರ್ಯಾಕ್ಟರಿನ ಏರ್ ತೆಗೆಯುವಾಗ ಫಿಲ್ಟರ್ ತಲೆಯ ಮೇಲಿನ ಬ್ಲೀಡಿಂಗ್ ಸ್ಕ್ರೂವನ್ನು ಎರಡು ಸುತ್ತು ಸಡಿಲಿಸಿ, ಕೆಳಗೆ ಬಟ್ಟೆ ಹಿಡಿದು, ಕೈಪಂಪ್ ಹೊಡೆಯುತ್ತ ಹೋಗಬೇಕು. ಮೊದಲು ಬುಸುಬುಸು ಗಾಳಿ, ಆಮೇಲೆ ನೊರೆಮಜ್ಜಿಗೆಯಂತಹ ಬಿಳಿ ನೊರೆ, ಕೊನೆಗೆ ಗುಳ್ಳೆಯಿಲ್ಲದ ತಿಳಿ ಡೀಸೆಲ್ ಬರುತ್ತದೆ. ತಿಳಿ ಡೀಸೆಲ್ ಹರಿಯುತ್ತಿರುವಾಗಲೇ, ಪಂಪಿನ ಒತ್ತು ಬಿಡದೆ, ಸ್ಕ್ರೂ ಬಿಗಿಯಬೇಕು. ಎರಡನೆಯ ಫಿಲ್ಟರ್ ಇದ್ದರೆ ಅದಕ್ಕೂ, ಕೊನೆಗೆ ಪಂಪಿನ ಸ್ಕ್ರೂಗೂ ಇದೇ ಕೆಲಸ. ನೊರೆ ನಿಲ್ಲುವುದೇ ಇಲ್ಲ ಎಂದಾದರೆ ಗಾಳಿ ಟ್ಯಾಂಕಿಗೂ ಪಂಪಿಗೂ ನಡುವೆ ಎಲ್ಲೋ ಒಳಬರುತ್ತಿದೆ; ಆ ಭಾಗದ ಪೈಪಿನ ಜಾಗಕ್ಕೆ ತಾತ್ಕಾಲಿಕವಾಗಿ ಪಾರದರ್ಶಕ ಪೈಪು ಹಾಕಿ ಗುಳ್ಳೆಗಳು ಎಲ್ಲಿಂದ ಶುರುವಾಗುತ್ತವೆ ಎಂದು ನೋಡಬೇಕು. ಏರ್ ತೆಗೆದು ವಾಹನ ಹತ್ತಿತು ಎಂದು ಅಲ್ಲಿಗೇ ಬಿಟ್ಟರೆ ನಾಳೆ ಬೆಳಿಗ್ಗೆ ಮತ್ತೆ ಅದೇ ಕೆಲಸ ಕಾದಿರುತ್ತದೆ. ತಾಮ್ರದ ವಾಷರ್ ಬದಲಿಸದೆ ಹಳೆಯದನ್ನೇ ಬಿಗಿದರೆ ಮತ್ತೂ ಬೇಗ.

ಕಾಮನ್ ರೈಲ್ ಎಂಜಿನ್ನಿನಲ್ಲಿ (ಎಲ್ಲ ಇಂಜೆಕ್ಟರುಗಳಿಗೂ ಒಂದೇ ಕೊಳವೆಯಿಂದ ಭಾರೀ ಒತ್ತಡದ ಡೀಸೆಲ್ ಹೋಗುವ, ಕಂಪ್ಯೂಟರ್ ನಡೆಸುವ ಈಚಿನ ಎಂಜಿನ್) ಮಾತ್ರ ಇಂಜೆಕ್ಟರಿಗೆ ಹೋಗುವ ಉಕ್ಕಿನ ಪೈಪಿನ ನಟ್ ಸಡಿಲಿಸಿ ನೋಡುವ ಹಳೆಯ ಅಭ್ಯಾಸವನ್ನು ಖಂಡಿತ ಬಿಡಬೇಕು. ಓಡುವಾಗ ಆ ಪೈಪಿನಲ್ಲಿ 1,600 ಬಾರ್ ಅಥವಾ ಅದಕ್ಕೂ ಹೆಚ್ಚಿನ ಒತ್ತಡ ಇರಬಹುದು. ಸೂಜಿಯಂತೆ ಚಿಮ್ಮುವ ಡೀಸೆಲ್ ಚರ್ಮವನ್ನು ತೂರಿ ಒಳಸೇರುತ್ತದೆ, ಗಾಯ ಚಿಕ್ಕದಾಗಿ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಸ್ಥಿತಿ ಅದು. ಈ ಎಂಜಿನ್ನುಗಳಲ್ಲಿ ವಾಹನದ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಜೋಡಿಸಿ ಸೆಲ್ಫ್ ಹೊಡೆಯುವಾಗ ಎರಡು ಅಂಕಿಗಳನ್ನು ಓದಬೇಕು. ಎಂಜಿನ್ ವೇಗ ಸೊನ್ನೆ ಎಂದು ತೋರಿಸಿದರೆ ಕ್ರ್ಯಾಂಕ್ ಸೆನ್ಸರ್ ಅಥವಾ ಅದರ ವೈರ್ ಕೆಟ್ಟಿದೆ. ವೇಗ ಸರಿಯಿದ್ದು ರೈಲಿನ ಒತ್ತಡ ಏರದಿದ್ದರೆ, ಕಂಪ್ಯೂಟರ್ ಇಂಜೆಕ್ಟರನ್ನು ತೆರೆಯುವುದೇ ಇಲ್ಲ; ಹೆಚ್ಚಿನ ಎಂಜಿನ್ನುಗಳಿಗೆ ಕನಿಷ್ಠ 150ರಿಂದ 250 ಬಾರ್ ಬೇಕಾಗುತ್ತದೆ. ಆಗ ಪ್ರತಿ ಇಂಜೆಕ್ಟರಿನ ರಿಟರ್ನ್ ಪೈಪನ್ನು ಒಂದೊಂದು ಸಣ್ಣ ಬಾಟಲಿಗೆ ಇಳಿಬಿಟ್ಟು ಸೆಲ್ಫ್ ಹೊಡೆದರೆ, ಸವೆದ ಇಂಜೆಕ್ಟರಿನ ಬಾಟಲಿ ಉಳಿದವಕ್ಕಿಂತ ಬಹಳ ಬೇಗ ತುಂಬುತ್ತದೆ. ನಾಲ್ಕು ಇಂಜೆಕ್ಟರುಗಳನ್ನೂ ಬದಲಿಸಬೇಕೆಂದು ಯಾರಾದರೂ ಹೇಳಿದರೆ, ಈ ಬಾಟಲಿ ಪರೀಕ್ಷೆಯನ್ನು ಕಣ್ಣೆದುರು ಮಾಡಿ ತೋರಿಸಲು ಕೇಳುವ ಹಕ್ಕು ವಾಹನದ ಮಾಲೀಕರಿಗಿದೆ.

ಡೀಸೆಲಿನಲ್ಲಿ ಸೇರಿದ ನೀರನ್ನೂ ಮರೆಯಬಾರದು. ಅರ್ಧ ಖಾಲಿ ಟ್ಯಾಂಕಿನೊಳಗೆ ಹಗಲಿನ ತೇವಾಂಶ ರಾತ್ರಿ ಬೆವರಾಗಿ ಇಳಿಯುತ್ತದೆ. ಫಿಲ್ಟರಿನ ತಳದ ಸ್ಕ್ರೂ ಸಡಿಲಿಸಿ ಗಾಜಿನ ಬಾಟಲಿಗೆ ಒಂದಿಷ್ಟು ಬಸಿದು ಹತ್ತು ನಿಮಿಷ ಇಟ್ಟರೆ ನೀರು ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ.

ಬಿಳಿ ಹೊಗೆ ಬಂದು ಹತ್ತದಿದ್ದರೆ

ಕಾರು, ಜೀಪು, ಪಿಕಪ್‌ಗಳಲ್ಲಿ ಮೊದಲ ಅನುಮಾನ ಹೀಟರ್ ಪ್ಲಗ್ ಮೇಲೆ. ನಮ್ಮ ಬಹುಪಾಲು ಟ್ರ್ಯಾಕ್ಟರುಗಳಲ್ಲಿ ನಾಜಲ್ ನೇರವಾಗಿ ಪಿಸ್ಟನ್ ತಲೆಯ ಗುಳಿಗೆ ಸಿಂಪಡಿಸುವುದರಿಂದ ಅವುಗಳಿಗೆ ಹೀಟರ್ ಪ್ಲಗ್ ಬೇಕಾಗಿರುವುದಿಲ್ಲ. ಟ್ರ್ಯಾಕ್ಟರ್ ಇರುವವರು ಈ ಭಾಗವನ್ನು ಬಿಟ್ಟು ಕಂಪ್ರೆಷನ್ ಕಡೆಗೆ ಹೋಗಬಹುದು.

ಫಲಕದ ಹೀಟರ್ ದೀಪ ಹತ್ತಿ ಆರಿತು ಎಂದ ಮಾತ್ರಕ್ಕೆ ಪ್ಲಗ್‌ಗಳು ಕಾದವು ಎಂದಲ್ಲ. ಹಳೆಯ ವಾಹನಗಳಲ್ಲಿ ಆ ದೀಪ ಬರಿ ಟೈಮರಿನ ಮಾತು ಕೇಳುತ್ತದೆ. ನಾಲ್ಕು ಪ್ಲಗ್‌ಗಳಲ್ಲಿ ಎರಡು ಸತ್ತರೂ ಬೇಸಿಗೆಯಲ್ಲಿ ಗೊತ್ತಾಗುವುದಿಲ್ಲ. ಚಳಿಯಲ್ಲಿ ಮಾತ್ರ ಎಂಜಿನ್ ಹತ್ತಿದ ಮೇಲೂ ಅರ್ಧ ನಿಮಿಷ ಕುಂಟುತ್ತ, ಬಿಳಿ ಹೊಗೆ ಕಾರುತ್ತ, ಆಮೇಲೆ ಸರಿಯಾಗುತ್ತದೆ. ಈ ಕುಂಟಾಟವೇ ಪ್ಲಗ್ ಹೋಗುತ್ತಿರುವುದರ ಮೊದಲ ಸೂಚನೆ.

ಮೊದಲು ಕರೆಂಟ್ ಬರುತ್ತಿದೆಯೇ ನೋಡಬೇಕು. ತಣ್ಣನೆಯ ಎಂಜಿನ್ನಿನಲ್ಲಿ ಒಬ್ಬರು ಕೀಲಿ ಆನ್ ಮಾಡಲಿ, ಇನ್ನೊಬ್ಬರು ಪ್ಲಗ್‌ಗಳನ್ನು ಜೋಡಿಸುವ ತಗಡಿನ ಪಟ್ಟಿಯ ಮೇಲೆ ಮೀಟರ್ ಇಡಲಿ. ಕೆಲವು ಸೆಕೆಂಡು ಬ್ಯಾಟರಿ ವೋಲ್ಟೇಜಿನ ಹತ್ತಿರದ ಅಂಕಿ ಬರಬೇಕು. ಬಾರದಿದ್ದರೆ ತಪ್ಪು ಪ್ಲಗ್‌ಗಳದಲ್ಲ, ರಿಲೇ ಅಥವಾ ಫ್ಯೂಸಿನದು. ಬಂದರೆ, ಪಟ್ಟಿಯನ್ನು ಬಿಚ್ಚಿ ಪ್ರತಿ ಪ್ಲಗ್‌ನ ತುದಿಗೂ ಎಂಜಿನ್ ಲೋಹಕ್ಕೂ ನಡುವಿನ ರೋಧವನ್ನು ಅಳೆಯಬೇಕು. ಒಂದರ ಆಸುಪಾಸಿನ ಓಮ್ ಇದ್ದರೆ ಪ್ಲಗ್ ಜೀವಂತವಾಗಿದೆ. ಮೀಟರ್ ಏನನ್ನೂ ತೋರಿಸದೆ ತೆರೆದ ಸರ್ಕ್ಯೂಟ್ ಎಂದರೆ ಸತ್ತಿದೆ. ಇಷ್ಟು ಸಣ್ಣ ಅಂಕಿಯಲ್ಲಿ ಮೀಟರಿನ ವೈರುಗಳದೇ ರೋಧವೂ ಸೇರುವುದರಿಂದ, ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ ಬರುವ ಅಂಕಿಯನ್ನು ಕಳೆದು ಲೆಕ್ಕ ಹಾಕಬೇಕು. ಬ್ಯಾಟರಿಯಿಂದ ನೇರ ವೈರ್ ಕೊಟ್ಟು ಪ್ಲಗ್ ಕೆಂಪಗಾಗುವುದನ್ನು ನೋಡುವ ಗ್ಯಾರೇಜು ಪದ್ಧತಿ ಹಳೆಯ 12 ವೋಲ್ಟ್ ಪ್ಲಗ್‌ಗಳಿಗೆ ಮಾತ್ರ ಸರಿ; ಈಚಿನ ಅನೇಕ ಪ್ಲಗ್‌ಗಳು ಕಡಿಮೆ ವೋಲ್ಟಿನವು, 12 ವೋಲ್ಟ್ ಕೊಟ್ಟರೆ ಕಣ್ಣೆದುರೇ ಸುಟ್ಟುಹೋಗುತ್ತವೆ.

ವರ್ಷಗಟ್ಟಲೆ ಕೂತ ಪ್ಲಗ್ಗನ್ನು ತಣ್ಣನೆಯ ಎಂಜಿನ್ನಿನಲ್ಲಿ ಬಲವಂತವಾಗಿ ತಿರುಗಿಸಿದರೆ ಅದು ಸಿಲಿಂಡರ್ ಹೆಡ್ಡಿನೊಳಗೇ ಮುರಿಯುತ್ತದೆ. ಸಣ್ಣ ಖರ್ಚಿನ ಕೆಲಸ ಹೆಡ್ ಇಳಿಸುವ ಕೆಲಸವಾಗುತ್ತದೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಎಂಜಿನ್ ಬಿಸಿಯಿರುವಾಗ, ಸ್ವಲ್ಪ ಬಿಚ್ಚಿ ಸ್ವಲ್ಪ ಬಿಗಿದು ಹಿಂದೆ ಮುಂದೆ ಆಡಿಸುತ್ತ ತೆಗೆಯಬೇಕು.

ಪ್ಲಗ್ ಸರಿಯಿದ್ದರೆ, ಅಥವಾ ಪ್ಲಗ್ ಇಲ್ಲದ ಎಂಜಿನ್ನಾದರೆ, ಕಂಪ್ರೆಷನ್ ಪರೀಕ್ಷೆ ಬೇಕು. ಅದಕ್ಕೂ ಮೊದಲು ಟ್ಯಾಪೆಟ್ ಅಂತರವನ್ನು (ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು) ಕೈಪಿಡಿಯಲ್ಲಿರುವ ಅಳತೆಗೆ ಹೊಂದಿಸಬೇಕು. ಅಂತರ ಇಲ್ಲದೆ ವಾಲ್ವ್ ಪೂರ್ತಿ ಮುಚ್ಚದಿದ್ದರೆ ಗಾಳಿ ಸೋರಿ, ರಿಂಗ್ ಸವೆದಂತೆಯೇ ಕಾಣುತ್ತದೆ. ಡೀಸೆಲ್ ಎಂಜಿನ್ನಿಗಾಗಿಯೇ ಮಾಡಿದ ಗೇಜ್ ಬೇಕು, ಪೆಟ್ರೋಲ್ ಎಂಜಿನ್ನಿನ ಗೇಜ್ ಆ ಒತ್ತಡವನ್ನು ತಾಳುವುದಿಲ್ಲ. ಒಳ್ಳೆಯ ಸ್ಥಿತಿಯ ಎಂಜಿನ್ನಿನಲ್ಲಿ ಸಾಮಾನ್ಯವಾಗಿ 25ರಿಂದ 30 ಬಾರ್ ಬರುತ್ತದೆ. 20ಕ್ಕಿಂತ ಕೆಳಗಿಳಿದ ಸಿಲಿಂಡರ್ ಚಳಿಯಲ್ಲಿ ಹೊತ್ತುವುದು ಕಷ್ಟ. ಪೆಟ್ರೋಲ್ ಎಂಜಿನ್ನಿನಲ್ಲಿ ಮಾಡುವಂತೆ ಸಿಲಿಂಡರಿಗೆ ಆಯಿಲ್ ಸುರಿದು ಮತ್ತೆ ಅಳೆಯುವ ಉಪಾಯ ಇಲ್ಲಿ ಅಪಾಯಕಾರಿ. ಪಿಸ್ಟನ್ ಮೇಲೆ ಉಳಿಯುವ ಜಾಗ ಅಷ್ಟು ಕಿರಿದು. ಆಯಿಲ್ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಹತ್ತದ ಎಂಜಿನ್ನಿಗೆ ಏರ್ ಫಿಲ್ಟರಿನ ಬಳಿ ಈಥರ್ ಸ್ಪ್ರೇ ಹೊಡೆಯುವವರಿದ್ದಾರೆ. ಹೀಟರ್ ಪ್ಲಗ್ ಇರುವ ಎಂಜಿನ್ನಿನಲ್ಲಿ ಇದನ್ನು ಎಂದೂ ಮಾಡಬಾರದು. ಪಿಸ್ಟನ್ ಮೇಲೇರುವ ಮೊದಲೇ ಈಥರ್ ಸಿಡಿದು ರಿಂಗ್ ಮುರಿಯಬಹುದು, ಇನ್‌ಟೇಕ್ ಕೊಳವೆಯೇ ಹಾರಬಹುದು. ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆ ಹಿಡಿಯುವುದೂ ಇದೇ ಸಾಲಿಗೆ ಸೇರಿದ್ದು.

ಹಿಮದ ನಾಡಿನಲ್ಲಿ

2020ರ ಅಕ್ಟೋಬರಿನಲ್ಲಿ ಅಟಲ್ ಸುರಂಗ ತೆರೆದ ಮೇಲೆ ಚಳಿಗಾಲದಲ್ಲೂ ಮನಾಲಿ ದಾಟಿ ಲಾಹೌಲ್‌ಗೆ ಹೋಗುವುದು ಸುಲಭವಾಗಿದೆ. ಕರ್ನಾಟಕದ ನೋಂದಣಿ ಫಲಕದ ಡೀಸೆಲ್ ಗಾಡಿಗಳು ಅಲ್ಲಿ ಅಪರೂಪವಲ್ಲ. ಬೆಂಗಳೂರಿನಲ್ಲಿ ಎಂದೂ ತಕರಾರು ಮಾಡದ ಗಾಡಿ ಅಲ್ಲಿ ನಿಲ್ಲಲು ಒಂದು ಹೊಸ ಕಾರಣವಿದೆ, ಅದು ಡೀಸೆಲಿನಲ್ಲಿ ಮೇಣ ಕಟ್ಟುವುದು.

ಡೀಸೆಲಿನಲ್ಲಿ ಸಹಜವಾಗಿಯೇ ಪ್ಯಾರಾಫಿನ್ ಮೇಣ ಕರಗಿರುತ್ತದೆ. ಚಳಿ ಏರಿದಂತೆ ಡೀಸೆಲ್ ಮೊದಲು ಮಬ್ಬಾಗುತ್ತದೆ, ನಂತರ ಮೇಣದ ಹರಳುಗಳು ಫಿಲ್ಟರಿನ ಕಾಗದವನ್ನು ಮುಚ್ಚುತ್ತವೆ, ಕೊನೆಗೆ ಇಡೀ ಡೀಸೆಲ್ ಹೆಪ್ಪುಗಟ್ಟುತ್ತದೆ. ಎಂಜಿನ್ ನಿಲ್ಲಲು ಎರಡನೆಯ ಹಂತವೇ ಸಾಕು. ಇದರ ಲಕ್ಷಣ ಏರ್ ಲೀಕಿಗಿಂತ ಬೇರೆ: ಎಂಜಿನ್ ಹತ್ತಿ, ಕೆಲವು ನಿಮಿಷ ಓಡಿ, ಆಕ್ಸಲರೇಟರ್ ಒತ್ತಿದಾಗ ಎಳೆಯದೆ, ಹಸಿದಂತೆ ನಿಲ್ಲುತ್ತದೆ. ಫಿಲ್ಟರಿನ ತಳದಿಂದ ಬಸಿದ ಡೀಸೆಲ್ ಗಾಜಿನ ಬಾಟಲಿಯಲ್ಲಿ ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾಗುವಂತೆ ಮಬ್ಬಾಗಿ, ಕೈಯ ಬಿಸಿಗೆ ತಿಳಿಯಾದರೆ ಅನುಮಾನವೇ ಬೇಡ.

ಬಯಲುಸೀಮೆಯಲ್ಲಿ ಮಾರುವ ಡೀಸೆಲನ್ನು ಲೇಹ್‌ನ ಜನವರಿ ರಾತ್ರಿಗೆಂದು ಮಾಡಿರುವುದಿಲ್ಲ. ಲಡಾಖ್‌ನ ಚಳಿಗೆಂದೇ ಇಂಡಿಯನ್ ಆಯಿಲ್ ಸಂಸ್ಥೆ ತನ್ನ ಪಾಣಿಪತ್ ಸಂಸ್ಕರಣಾಗಾರದಲ್ಲಿ ತಯಾರಿಸಿದ ಚಳಿಗಾಲದ ಡೀಸೆಲ್ 2019ರ ನವೆಂಬರಿನಿಂದ ಅಲ್ಲಿ ಸಿಗುತ್ತಿದೆ. ಅದು -33 ಡಿಗ್ರಿಯವರೆಗೂ ಹರಿಯುವ ಗುಣ ಕಳೆದುಕೊಳ್ಳುವುದಿಲ್ಲ. ಆದ್ದರಿಂದ ಬಯಲಿನಲ್ಲಿ ಟ್ಯಾಂಕ್ ತುಂಬಿಸಿಕೊಂಡು ಬೆಟ್ಟವೇರುವ ಬದಲು, ಮೇಲೆ ತಲುಪಲು ಬೇಕಾದಷ್ಟನ್ನು ಹಾಕಿಸಿ, ಅಲ್ಲಿನ ಬಂಕಿನಲ್ಲಿ ತುಂಬಿಸಿ, ರಾತ್ರಿ ನಿಲ್ಲಿಸುವ ಮೊದಲು ಹತ್ತು ಹದಿನೈದು ಕಿಲೋಮೀಟರ್ ಓಡಿಸಬೇಕು. ಹಾಗೆ ಓಡಿಸಿದರೆ ಮಾತ್ರ ಹೊಸ ಡೀಸೆಲ್ ಫಿಲ್ಟರಿಗೂ ಪೈಪಿಗೂ ತುಂಬಿಕೊಳ್ಳುತ್ತದೆ. ಮೇಣ ತಡೆಯುವ ದ್ರಾವಣ ಬಳಸುವುದಾದರೆ ಡೀಸೆಲ್ ಮಬ್ಬಾಗುವ ಮೊದಲೇ ಬೆರೆಸಬೇಕು. ಕಟ್ಟಿದ ಮೇಣವನ್ನು ಅದು ಕರಗಿಸುವುದಿಲ್ಲ. ಹಳೆಯ ಲಾರಿ ಚಾಲಕರು ಸೀಮೆಎಣ್ಣೆ ಬೆರೆಸುತ್ತಿದ್ದರು. ಡೀಸೆಲಿನ ಜಿಡ್ಡನ್ನೇ ನಂಬಿರುವ ಕಾಮನ್ ರೈಲ್ ಪಂಪಿಗೆ ಅದು ವಿಷ.

ಮೇಣ ಕಟ್ಟಿದ ಗಾಡಿಗೆ ಮದ್ದು ಬಿಸಿ ಮಾತ್ರ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಫಿಲ್ಟರಿಗೆ ಸುತ್ತಿ, ಆರಿದಂತೆಲ್ಲ ಬದಲಿಸುತ್ತ ಅರ್ಧ ಗಂಟೆ ತಾಳ್ಮೆಯಿಂದ ಮಾಡಿದರೆ ಬಹಳ ಸಲ ಕೆಲಸವಾಗುತ್ತದೆ. ಇಲ್ಲವಾದರೆ ಬೆಚ್ಚಗಿನ ಕೋಣೆಯಲ್ಲಿಟ್ಟಿದ್ದ ಹೊಸ ಫಿಲ್ಟರ್ ಹಾಕಬೇಕು. ಟ್ಯಾಂಕಿನ ಕೆಳಗೆ ಸ್ಟೌ ಉರಿಸಿ ಕಾಯಿಸುವವರನ್ನು ನೋಡಿ ಅನುಕರಿಸಬೇಡಿ. ಪ್ಲಾಸ್ಟಿಕ್ ಟ್ಯಾಂಕು, ರಬ್ಬರ್ ಪೈಪು, ಗ್ರೀಸು ಮೆತ್ತಿದ ಎಂಜಿನ್ ಇರುವ ಜಾಗ ಅದು.

ಹೊರಡುವ ಮೊದಲೇ ನೋಡಬೇಕಾದ ಇನ್ನೆರಡು ಸಂಗತಿಗಳಿವೆ. ರೇಡಿಯೇಟರಿನಲ್ಲಿ ಬರಿ ನೀರಿದ್ದರೆ ಅದು ರಾತ್ರಿ ಹೆಪ್ಪುಗಟ್ಟಿ ಎಂಜಿನ್ ಬ್ಲಾಕನ್ನೇ ಸೀಳುತ್ತದೆ. ಕೂಲಂಟ್ ಮತ್ತು ನೀರನ್ನು ಅರ್ಧಕ್ಕರ್ಧ ಬೆರೆಸಿದರೆ -35 ಡಿಗ್ರಿಯ ಹತ್ತಿರದವರೆಗೂ ಭಯವಿಲ್ಲ. ಎಂಜಿನ್ ಆಯಿಲಿನಲ್ಲಿ, 15ಡಬ್ಲ್ಯೂ ದರ್ಜೆಯನ್ನು ತಿರುಗುವ ಗುಣಕ್ಕೆ ಪರೀಕ್ಷಿಸುವುದು -20 ಡಿಗ್ರಿಯಲ್ಲಿ, 5ಡಬ್ಲ್ಯೂ ದರ್ಜೆಯನ್ನು -30 ಡಿಗ್ರಿಯಲ್ಲಿ. ಲಡಾಖ್‌ನ ದ್ರಾಸ್ ಕಡೆ ರಾತ್ರಿ ತಂಗುವವರಿಗೆ ಎರಡನೆಯದೇ ಸರಿ, ವಾಹನದ ಕೈಪಿಡಿ ಅದಕ್ಕೆ ಒಪ್ಪಿದ್ದರೆ.

ಬೆಟ್ಟವಿಳಿದು ಬಂದ ಮೇಲೆ ಉಳಿದ ಚಳಿಗಾಲದ ಡೀಸೆಲನ್ನು ಚೆಲ್ಲಬೇಕಾಗಿಲ್ಲ, ಹಾಗೆಯೇ ಓಡಿಸಿ ಮುಗಿಸಬಹುದು. ಮೇಲಿನ ಚಳಿ ಮತ್ತು ಕೆಳಗಿನ ಬಿಸಿಯ ನಡುವೆ ಟ್ಯಾಂಕಿನೊಳಗೆ ಬೆವರಿಳಿದಿರುತ್ತದೆ. ಊರು ಸೇರಿದ ಮರುದಿನ ಬೆಳಿಗ್ಗೆ, ಎಂಜಿನ್ ಸ್ಟಾರ್ಟ್ ಮಾಡುವ ಮೊದಲು, ಫಿಲ್ಟರಿನ ತಳದ ನೀರನ್ನು ಒಮ್ಮೆ ಬಸಿದುಬಿಡಬೇಕು.